ಡೇವಿಸ್-ಥಾಂಪ್ಸನ್ ಪ್ರತಿಷ್ಠಾನ

ಪರಿಚಯ: ಇದು ಪಶುವೈದ್ಯಕೀಯ ರೋಗಶಾಸ್ತ್ರದ ಶಿಕ್ಷಣಕ್ಕಾಗಿ 1972ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿರುತ್ತದೆ. ಡಾ. ಸ್ಯಾಮ್ಯುಯೆಲ್ ಥಾಂಪ್ಸನ್ ಅವರು ರೋಗಶಾಸ್ತ್ರಜ್ಞ ಡಾ. ಚಾರ್ಲ್ಸ್ ಲೂಯಿಸ್ ಡೇವಿಸ್ ಅವರ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಮುಂದೆ ಸ್ಥಾಪಕರ ಹೆಸರೂ ಸೇರಿತು.

ಕಾರ್ಯ: ಪ್ರಾಣಿಗಳ ಅಂಗಾಂಶಗಳನ್ನು ಪರೀಕ್ಷಿಸಿ ರೋಗವನ್ನು ಗುರುತಿಸುವ ಕ್ರಮವನ್ನು ಸ್ವಯಂಸೇವಕ ತಜ್ಞರು ಉಪನ್ಯಾಸ ಹಾಗೂ ಕಾರ್ಯಾಗಾರಗಳ ಮೂಲಕ ಬೋಧಿಸುತ್ತಾರೆ.

ಮಹತ್ವ: 1999ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಾಗೆಗಳು ಸಾಯತೊಡಗಿದವು, ಜನರಲ್ಲಿ ಮಿದುಳಿನ ಉರಿಯೂತವೂ ಕಂಡುಬಂದಿತು. ಜನರ ಕಾಯಿಲೆಯನ್ನು ಮೊದಲು ಬೇರೊಂದು ರೋಗವೆಂದು ಭಾವಿಸಲಾಗಿತ್ತು. ಬ್ರಾಂಕ್ಸ್ ಮೃಗಾಲಯದ ರೋಗಶಾಸ್ತ್ರಜ್ಞೆ ಡಾ. ಟ್ರೇಸಿ ಮ್ಯಾಕ್‌ನಮಾರಾ ಅವರು ಸತ್ತ ಪಕ್ಷಿಗಳನ್ನು ಪರೀಕ್ಷಿಸಿ ಆ ನಿರ್ಣಯವನ್ನು ಪ್ರಶ್ನಿಸಿದರು. ಎರಡಕ್ಕೂ ವೆಸ್ಟ್ ನೈಲ್ ವೈರಾಣುವೇ ಕಾರಣವೆಂದು ನಂತರ ದೃಢಪಟ್ಟಿತು.

ಸೂಚನೆ: ಆದ್ದರಿಂದ ಪ್ರಾಣಿ-ಪಕ್ಷಿಗಳ ಅಸಹಜ ಸಾವು ಕಂಡುಬಂದಲ್ಲಿ ಸಾರ್ವಜನಿಕರು ಕಳೇಬರವನ್ನು ಮುಟ್ಟದೆ, ಸಮೀಪದ ಪಶುವೈದ್ಯಾಧಿಕಾರಿಗಳಿಗೆ ಕೂಡಲೇ ತಿಳಿಸತಕ್ಕದ್ದು.