‘ಅಬ್ಹಾರ್’: ಆಣೆಯಾದ ಹೇಸಿಕೆ

ಬಲವಾದ ಹೇಸಿಕೆಯನ್ನು ಸೂಚಿಸುವ ಆಂಗ್ಲ ಕ್ರಿಯಾಪದಗಳಲ್ಲಿ ‘ಅಬ್ಹಾರ್’ ಎಂಬುದೊಂದು. ಲ್ಯಾಟಿನ್ನಿನ ‘ಹಾರೇರೆ’ ಎಂದರೆ ರೋಮ ನಿಮಿರುವುದು, ನಡುಗುವುದು. ‘ಅಬ್’ ಎಂಬ ಉಪಸರ್ಗ ದೂರ ಸರಿಯುವುದನ್ನು ಹೇಳುತ್ತದೆ. ಕಂಡೊಡನೆ ಮೈ ನವಿರೆದ್ದು ಹಿಂಜರಿಯುವುದೇ ಇದರ ಮೂಲಾರ್ಥ. ಸಂಸ್ಕೃತದ ‘ಹೃಷ್’ ಧಾತು ಇದಕ್ಕೆ ಸೋದರವೆಂಬುದು ಭಾಷಾಶಾಸ್ತ್ರಜ್ಞರ ಮತ. ಒಂದೇ ರೋಮಾಂಚನ ಅಲ್ಲಿ ಜುಗುಪ್ಸೆಯಾಯಿತು, ಇಲ್ಲಿ ಹರ್ಷವಾಯಿತು! ‘ಡಿಟೆಸ್ಟ್’ ಎಂಬುದರ ಹಾದಿ ಬೇರೆ. ಅದರ ಒಡಲಲ್ಲಿರುವುದು ಸಾಕ್ಷಿ ಎಂಬರ್ಥದ ‘ಟೆಸ್ಟಿಸ್’. ದೈವವನ್ನು ಸಾಕ್ಷಿಗೆ ಕರೆದು ಶಪಿಸುವುದು ಅದರ ಹಳೆಯ ಅರ್ಥ.

ಈ ಎರಡು ಪದಗಳನ್ನೂ ಜೋಡಿಸಿ ಪ್ರಜೆಗಳ ಬಾಯಿಂದ ನುಡಿಸಿದ್ದು ಇಂಗ್ಲೆಂಡಿನ ಪ್ರಭುತ್ವ. 1605ರಲ್ಲಿ ಪಾರ್ಲಿಮೆಂಟಿನ ಕೆಳಗೆ ಮದ್ದಿನ ಪೀಪಾಯಿಗಳನ್ನಿರಿಸಿ ಅರಸನನ್ನು ಕೊಲ್ಲುವ ಸಂಚು ಬಯಲಾಯಿತು. ಮರುವರ್ಷವೇ ಒಂದನೆಯ ಜೇಮ್ಸನ ಸರಕಾರ ಹೊಸ ಪ್ರಮಾಣವಚನವೊಂದನ್ನು ವಿಧಿಸಿತು. ಪೋಪರು ಬಹಿಷ್ಕರಿಸಿದ ಅರಸನನ್ನು ಪ್ರಜೆಗಳು ಪದಚ್ಯುತಗೊಳಿಸಬಹುದು, ಕೊಲ್ಲಲೂಬಹುದು ಎಂಬ ಸಿದ್ಧಾಂತವನ್ನು ಹೃದಯಪೂರ್ವಕವಾಗಿ ‘ಅಬ್ಹಾರ್’ ಮಾಡುವೆನು, ‘ಡಿಟೆಸ್ಟ್’ ಮಾಡುವೆನು ಎಂದು ಕ್ಯಾಥೊಲಿಕರು ಆಣೆಯಿಡಬೇಕಿತ್ತು. ಅದೇ ವರ್ಷ ಪೋಪ್ ಐದನೆಯ ಪಾಲರು ಈ ಆಣೆಯನ್ನು ನಿಷೇಧಿಸಿದರು. ಆಣೆಯಿಟ್ಟರೆ ಧರ್ಮಗುರುವಿನ ಆಜ್ಞೋಲ್ಲಂಘನೆ. ಇಡದೆ ಹಟ ಹಿಡಿದರೆ ಸೆರೆಮನೆ, ಆಸ್ತಿಯ ನಷ್ಟ. ಅರಸನಿಗೆ ದ್ರೋಹ ಬಗೆಯೆನೆಂದು ಬರೆಸಿಕೊಂಡಿದ್ದರೆ ಸಾಲದಿತ್ತೇ? ಕರಾರಿನಲ್ಲಿ ನಡತೆಯನ್ನು ಬರೆಸಬಹುದು. ಎದೆಯ ನಡುಕವನ್ನು ಯಾವ ಪತ್ರದಲ್ಲಿ ಬರೆಸುವುದು?

ಮುಂದೆ ಈ ಪದ ಪಕ್ಷವೊಂದರ ಹೆಸರೇ ಆಯಿತು. 1679ರಲ್ಲಿ ಎರಡನೆಯ ಚಾರ್ಲ್ಸ್ ಹೊಸದಾಗಿ ಚುನಾಯಿತವಾದ ಪಾರ್ಲಿಮೆಂಟನ್ನು ಸೇರಗೊಡದೆ ಮುಂದೂಡಿದಾಗ, ಸಭೆ ಕರೆಯಬೇಕೆಂದು ಅರ್ಜಿಗಳು ಬಂದವು. ಅಂತಹ ಅರ್ಜಿಗಳನ್ನೇ ‘ಅಬ್ಹಾರ್’ ಮಾಡುತ್ತೇವೆಂದು ಅರಸನ ಕಡೆಯವರು ಬಿನ್ನವತ್ತಳೆಗಳನ್ನು ಸಲ್ಲಿಸಿದರು. ಅರ್ಜಿದಾರರು ‘ಪಿಟಿಷನರ್’ಗಳೆನಿಸಿದರು, ಇವರು ‘ಅಬ್ಹಾರರ್’ಗಳು, ಸ್ವಲ್ಪದರಲ್ಲೇ ವಿಗ್, ಟೋರಿ ಎಂಬ ಹೆಸರುಗಳು ಇವುಗಳ ಸ್ಥಾನಕ್ಕೆ ಬಂದವು. 1680ರ ಅಕ್ಟೋಬರಿನಲ್ಲಿ ಕೊನೆಗೂ ಸಭೆ ಸೇರಿತು. ಅರ್ಜಿ ಸಲ್ಲಿಸುವುದು ಪ್ರಜೆಯ ಹಕ್ಕೆಂದು ಕಾಮನ್ಸ್ ಸಭೆ ನಿರ್ಣಯಿಸಿತು. ಹೇಸಿಕೆಯ ಬಿನ್ನವತ್ತಳೆ ಒಪ್ಪಿಸಿದ್ದ ಸದಸ್ಯ ಸರ್ ಫ್ರಾನ್ಸಿಸ್ ವಿದೆನ್ಸರನ್ನು ಸಭೆಯಿಂದಲೇ ಹೊರಹಾಕಿತು. ಹೇಸಿದವರನ್ನು ಹೇಸುವ ಸರದಿ ಈಗ ಇವರದು.

1689ರ ಹಕ್ಕುಗಳ ಶಾಸನ ಅರ್ಜಿಯ ಹಕ್ಕನ್ನು ಸ್ಥಿರಪಡಿಸಿತು. ಅದೇ ಶಾಸನದಲ್ಲಿ ವಿಧಿಸಿದ ಹೊಸ ಪ್ರಮಾಣವಚನದಲ್ಲಿ, ಹಳೆಯ ‘ಅಬ್ಹಾರ್’ ಹಾಗೂ ‘ಡಿಟೆಸ್ಟ್’ ಎರಡೂ ಪದಗಳು ಹಾಗೆಯೇ ಉಳಿದುಕೊಂಡವು.