ಅನಾವೃಷ್ಟಿಯೂ ದುರ್ಭಿಕ್ಷವೂ: ಧಾತು-ಈಶ್ವರ ಸಂವತ್ಸರಗಳ ಮೈಸೂರು ಕ್ಷಾಮ

ದೇಶಕ್ಕೆ ಒದಗುವ ಕೇಡುಗಳನ್ನು ಪ್ರಾಚೀನರು ಈತಿಗಳೆಂದು ಕರೆದು ಆರಾಗಿ ಎಣಿಸಿದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡಿತೆ, ಗಿಳಿ, ನೆರೆಯ ಅರಸು ಎಂಬ ಈ ಗಣನೆಯಲ್ಲಿ ದುರ್ಭಿಕ್ಷವು ಸೇರಿಲ್ಲ. ಇದನ್ನು ಮರೆವೆಂದು ಭಾವಿಸಲಾಗದು. ಈತಿಯು ಪೈರಿಗೆ ತಗಲುವ ಕೇಡು. ದುರ್ಭಿಕ್ಷವು ಮನುಷ್ಯನಿಗೆ ತಗಲುವುದು. ವೈಯಾಕರಣರು ‘ಸು’ವಿನಿಂದ ಸಮೃದ್ಧಿಯನ್ನೂ ‘ದುರ್’ ಎಂಬುದರಿಂದ ಅದರ ಹಾನಿಯನ್ನೂ ಹೇಳುವರು; ಭಿಕ್ಷೆಯು ಸುಲಭವಾದ ಕಾಲವು ಸುಭಿಕ್ಷ, ದುರ್ಲಭವಾದ ಕಾಲವು ದುರ್ಭಿಕ್ಷ. ಈ ಪದದಲ್ಲಿ ಮಳೆಯ ಪ್ರಸಕ್ತಿಯಿಲ್ಲ, ಬೆಳೆಯ ಪ್ರಸಕ್ತಿಯೂ ಇಲ್ಲ. ಕೈಯೊಡ್ಡಿದವನಿಗೆ ತುತ್ತು ದೊರಕಿತೆ ಎಂಬುದೊಂದೇ ಅದರ ಅಳತೆ. ಕನ್ನಡದ ‘ಬರ’ವೆಂಬ ಮಾತಾದರೋ ಎರಡನ್ನೂ ಒಂದೇ ಹೆಸರಿನಲ್ಲಿ ಅಡಗಿಸಿಕೊಂಡಿದೆ. ಬರಗಳ ಚರಿತ್ರೆಯನ್ನು ಬರೆಯುವವರು ಮಳೆಯ ಲೆಕ್ಕವನ್ನು ಕೊಟ್ಟು ಸುಮ್ಮನಾಗುವುದಕ್ಕೆ ಈ ಪದವೂ ಒಂದಿಷ್ಟು ಕಾರಣವಾಗಿರಬಹುದು.

ಈ ಭೇದವನ್ನು ಪರೀಕ್ಷಿಸಲು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮಕ್ಕಿಂತ ತಕ್ಕ ನಿದರ್ಶನವು ಮೈಸೂರು ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿ ಮತ್ತೊಂದಿಲ್ಲ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ ಹಬ್ಬಿದುದರಿಂದ ಜನರು ಅದನ್ನು ಆ ಹೆಸರುಗಳಿಂದಲೇ ನೆನೆದರು. ೧೮೭೧ರ ಜನಗಣತಿಯಲ್ಲಿ ಮೈಸೂರಿನ ಪ್ರಜೆಗಳು ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ಹತ್ತು ವರ್ಷಗಳ ಸಹಜವಾದ ವೃದ್ಧಿಯನ್ನು ಸೇರಿಸದೆಯೇ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಮೀರಿದ ಕೊರತೆ ಇಲ್ಲಿ ಕಾಣುವುದು.

ಅನಾವೃಷ್ಟಿಯು ಎಲ್ಲಿ ಬೀಳುವುದೆಂಬುದನ್ನು ನೆಲದ ವಿನ್ಯಾಸವೇ ಬಹುಮಟ್ಟಿಗೆ ನಿರ್ಣಯಿಸುವುದು. ನೈಋತ್ಯದಿಂದ ಬೀಸುವ ಮುಂಗಾರು ಗಾಳಿಯು ಸಹ್ಯಾದ್ರಿಯನ್ನೇರುವಾಗ ತಣಿದು ತನ್ನ ನೀರಿನ ಬಹುಭಾಗವನ್ನು ಪಶ್ಚಿಮದ ಅಂಚಿನಲ್ಲಿಯೇ ಸುರಿಸಿಬಿಡುತ್ತದೆ. ಇಳಿಯುವಾಗ ಅದು ಬೆಚ್ಚಗಾಗಿ ಒಣಗುವುದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೩೦೦ ಅಂಗುಲ ಮಳೆ. ಅಲ್ಲಿಂದ ನೇರಗೆರೆಯಲ್ಲಿ ೧೨೦ ಮೈಲಿಯಷ್ಟು ದೂರವಿರುವ ಚಳ್ಳಕೆರೆಯ ಕಡೆಯಲ್ಲಿ ೨೦ ಅಂಗುಲದ ಆಸುಪಾಸು. ಹಿಂಗಾರಿನ ಮೋಡಗಳೂ ಪೂರ್ವಸಮುದ್ರದಿಂದ ಈ ಬಯಲನ್ನು ಮುಟ್ಟುವ ವೇಳೆಗೆ ಬಡವಾಗಿರುತ್ತವೆ. ಮಳೆಯು ಅಲ್ಪವಾದಲ್ಲಿ ಅದರ ಏರಿಳಿತವೂ ಹೆಚ್ಚು. ಮಲೆನಾಡಿನಲ್ಲಿ ಕಾಲುಭಾಗ ಕಡಮೆಯಾದರೆ ಗದ್ದೆಯು ತಡೆದೀತು, ಬಯಲುಸೀಮೆಯಲ್ಲಿ ಅಷ್ಟೇ ಕಡಮೆಯಾದರೆ ರಾಗಿಯ ತೆನೆಯೇ ಹೊರಡದು. ಸಾಲದುದಕ್ಕೆ ೧೮೭೭ರಲ್ಲಿ ಶಾಂತಸಾಗರದ ಸಮಭಾಜಕ ವೃತ್ತದ ನೀರು ಅಸಾಧಾರಣವಾಗಿ ಕಾದಿತ್ತು. ಎಲ್ ನಿನೊ ಎಂದು ವಿಜ್ಞಾನಿಗಳು ಹೆಸರಿಟ್ಟಿರುವ ಈ ವ್ಯತ್ಯಯವು ಭಾರತದ ಮುಂಗಾರನ್ನು ಕುಗ್ಗಿಸುವುದೆಂಬುದು ಈಗ ಸುವಿದಿತವಾಗಿದೆ. ಚೀನಾ ದೇಶದ ಉತ್ತರಭಾಗದಲ್ಲಿಯೂ ಬ್ರೆಜಿಲಿನ ಈಶಾನ್ಯಭಾಗದಲ್ಲಿಯೂ ಅದೇ ಕಾಲದಲ್ಲಿ ಘೋರಕ್ಷಾಮಗಳಾದವು.

ಪೂರ್ವಿಕರು ಈ ನೆಲದ ಸ್ವಭಾವವನ್ನು ಅರಿಯದವರಲ್ಲ. ಮೂವತ್ತು ಸಾವಿರಕ್ಕೂ ಮಿಕ್ಕ ಕೆರೆಗಳೇ ಇದಕ್ಕೆ ಸಾಕ್ಷಿ. ಹೊಸ ಕೆರೆಯೊಂದನ್ನು ಕಟ್ಟಿಸಲು ಎಡೆ ಹುಡುಕುವುದೇ ಕಷ್ಟವೆಂದು ೧೮೬೬ರಲ್ಲಿ ಸ್ಯಾಂಕಿಯೆಂಬ ಇಂಜಿನಿಯರು ಅಚ್ಚರಿಪಟ್ಟುದು ಪ್ರಸಿದ್ಧವಾಗಿದೆ. ಆದರೆ ಒಂದರ ಕೋಡಿಯು ಮತ್ತೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಕಟ್ಟಿದ ಈ ಕೆರೆಗಳಿಗೆ ಆಯಾ ಬಯಲಿನ ಮಳೆಯೇ ಆಧಾರ. ಒಂದು ವರ್ಷದ ಕೊರತೆಯನ್ನು ಅವು ತುಂಬಿಕೊಡಬಲ್ಲವು. ಮೇಲಿಂದ ಮೇಲೆ ಮಳೆ ತಪ್ಪಿದರೆ ಮೇಲಣ ಕೆರೆಯೊಂದಿಗೆ ಕೆಳಗಣ ಕೆರೆಯೂ ಬತ್ತುವುದು. ಕೊಡಗಿನ ಮಳೆಯನ್ನು ಹೊತ್ತು ತರುವ ಕಾವೇರಿಯ ನಾಲೆಗಳ ಸ್ಥಿತಿಯು ಬೇರೆ. ಕ್ಷಾಮದ ಪೆಟ್ಟು ಕೋಲಾರ, ತುಮಕೂರು, ಚಿತ್ರದುರ್ಗಗಳಲ್ಲಿ ಅತಿಯಾಗಿ, ಶಿವಮೊಗ್ಗೆಯ ಮಲೆಸೀಮೆಯಲ್ಲಿ ಅಲ್ಪವಾಗಿ ಬಿದ್ದುದಕ್ಕೆ ಇಷ್ಟರಿಂದ ಕಾರಣವು ತಿಳಿಯುವುದು.

ಆದರೆ ತುಮಕೂರಿನ ಒಂದೇ ಊರಿನೊಳಗೆ, ಒಂದೇ ಆಕಾಶದ ಕೆಳಗೆ, ಒಬ್ಬನು ಉಳಿದು ಮತ್ತೊಬ್ಬನು ಅಳಿದುದೇಕೆ? ಇದಕ್ಕೆ ಸಹ್ಯಾದ್ರಿಯು ಉತ್ತರ ಹೇಳಲಾರದು; ಹಗೇವು ಹೇಳಬಲ್ಲದು. ಬಯಲುಸೀಮೆಯ ಒಕ್ಕಲಿಗನು ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದನು. ಹುಳು ಹಿಡಿಯದ ಆ ಧಾನ್ಯವು ಅನೇಕ ವರ್ಷಗಳವರೆಗೆ ಕೆಡದೆ ಇರುವುದು. ಬರವನ್ನು ದಾಟಿಸಲು ಇದಕ್ಕಿಂತ ಉತ್ತಮವಾದ ಉಪಾಯವಿರಲಿಲ್ಲ. ಆದರೆ ಹಗೇವಿರಬೇಕಾದರೆ ಹೊಲವಿರಬೇಕು, ಉಂಡು ಮಿಗಬೇಕು, ಕಂದಾಯಕ್ಕೂ ಸಾಲಕ್ಕೂ ಕಣದಲ್ಲಿಯೇ ಅಳೆದುಕೊಡುವ ಗತಿ ಬಾರದಿರಬೇಕು.

ಹೊಲವಿಲ್ಲದವರ ಪೈಕಿ ಆಯಗಾರರ ಸ್ಥಿತಿಯು ವಿಶೇಷವಾಗಿ ವಿಚಾರಾರ್ಹವಾದುದು. ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರಿಗೆ ಸುಗ್ಗಿಯ ಕಣದಲ್ಲಿ ಆಯವೆಂದು ಧಾನ್ಯದ ಪಾಲು ಸಲ್ಲುತ್ತಿತ್ತು. ಈ ಕಟ್ಟಳೆಯನ್ನು ಗ್ರಾಮಜೀವನದ ಭದ್ರವಾದ ಅಡಿಪಾಯವೆಂದು ವರ್ಣಿಸುವುದು ವಾಡಿಕೆ. ಸುಭಿಕ್ಷದಲ್ಲಿ ಆ ಮಾತು ಸತ್ಯವೇ. ಕಣವು ಬರಿದಾದಾಗ ಮಾತ್ರ ಪಾಲಿನ ಹಕ್ಕು ಬರಿದಾದುದರ ಪಾಲಿನ ಹಕ್ಕಾಗುವುದು. ರಾಗಿಯನ್ನು ಬೆಳೆದವನಿಗೆ ಹಳೆಯ ಸಂಗ್ರಹವುಂಟು, ಆಯಗಾರನಿಗೆ ವರ್ಷವರ್ಷದ ಕೈಪಿಡಿಯಷ್ಟೇ. ನೆಯ್ಗೆಯವನ ಪಾಡೂ ಇಂತಹುದೇ. ಯಂತ್ರದ ಬಟ್ಟೆಯಿಂದ ಮೊದಲೇ ಸೊರಗಿದ್ದ ಅವನ ಮಗ್ಗವು, ಕಾಳಿಗೇ ಕಾಸಿಲ್ಲದ ಜನರು ಸೀರೆ ಕೊಳ್ಳುವುದನ್ನು ಬಿಟ್ಟಾಗ ನಿಂತೇಹೋಯಿತು. ಅವನ ಮನೆಯಲ್ಲಿ ಸೀರೆಯಿತ್ತು. ಅದನ್ನು ರಾಗಿಯಾಗಿ ಮಾರ್ಪಡಿಸುವ ಪೇಟೆಯಿರಲಿಲ್ಲ. ಕೂಲಿಯವರ ಮಾತನ್ನು ಹೇಳತಕ್ಕುದೇ ಇಲ್ಲ. ಆಹಾರವು ಇದ್ದೂ ಅದನ್ನು ಪಡೆಯುವ ಅಧಿಕಾರವು ಕೆಲವರಿಗೆ ತಪ್ಪುವುದರಿಂದ ಕ್ಷಾಮಗಳಾಗುವುವೆಂದು ೧೯೮೧ರಲ್ಲಿ ಅಮರ್ತ್ಯ ಸೇನರು ಪ್ರತಿಪಾದಿಸಿದುದು ಲೋಕವಿಖ್ಯಾತವಾಗಿದೆ. ದುರ್ಭಿಕ್ಷವೆಂಬ ಪದವನ್ನು ಬಿಡಿಸಿ ನೋಡಿದವರಿಗೆ ಆ ಸಿದ್ಧಾಂತವು ಹೊಸದಾಗಿದ್ದರೂ ಪರಕೀಯವೆನಿಸದು.

ಶಾಂತಿಪರ್ವದ ಒಂದು ಕಥೆಯನ್ನು ಇಲ್ಲಿ ನೆನೆಯಬಹುದು. ಹನ್ನೆರಡು ವರ್ಷ ಮಳೆಯಿಲ್ಲದಾಗ ವಿಶ್ವಾಮಿತ್ರನು ಹಸಿವೆಯಿಂದ ಕಂಗೆಟ್ಟು ಚಂಡಾಲನ ಗುಡಿಸಲಿಗೆ ನುಗ್ಗಿ ನಾಯಿಯ ತೊಡೆಯನ್ನು ಕದಿಯಲೆಳಸುವನು. ಋಷಿಯು ಅದನ್ನು ತಿನ್ನಬಹುದೇ ಎಂಬ ವಾದವು ಇಬ್ಬರೊಳಗೂ ದೀರ್ಘವಾಗಿ ನಡೆಯುವುದು. ಆಪದ್ಧರ್ಮವನ್ನು ವಿವರಿಸುವವರಿಗೆ ಅದೇ ಆಕರ. ತೊಡೆಯು ಹೋದ ಮೇಲೆ ಆ ಗುಡಿಸಲಿನವರು ಏನನ್ನು ತಿಂದರೆಂಬುದನ್ನು ವ್ಯಾಖ್ಯಾನಕಾರರು ವಿಚಾರಿಸಿದಂತೆ ತೋರದು.

ಅರಸನು ಏನು ಮಾಡಬೇಕೆಂಬುದನ್ನು ಕೌಟಿಲ್ಯನು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ನಿರ್ದಿಷ್ಟವಾಗಿ ಹೇಳಿದ್ದಾನೆ: ಬೀಜವನ್ನೂ ಅನ್ನವನ್ನೂ ಕೊಡುವುದು, ಕೋಟೆ ಕಟ್ಟೆಗಳ ಕೆಲಸವನ್ನು ತೆರೆದು ಅನ್ನವೀಯುವುದು, ಕೆಲಸವಿಲ್ಲದೆಯೂ ಅನ್ನವನ್ನು ಹಂಚುವುದು. ಎಂಟನೆಯ ಅಧಿಕರಣದಲ್ಲಿ ವ್ಯಾಧಿಗಿಂತ ದುರ್ಭಿಕ್ಷವು ಘೋರತರವೆಂದು ಅವನ ನಿರ್ಣಯ. ವ್ಯಾಧಿಯು ಒಂದೆಡೆಯನ್ನು ಪೀಡಿಸುವುದು, ದುರ್ಭಿಕ್ಷವು ದೇಶವನ್ನೆಲ್ಲ. ಧಾತು ಸಂವತ್ಸರದ ಅನುಭವದಿಂದ ನೋಡಿದರೆ ಈ ನಿರ್ಣಯಕ್ಕೆ ತಿದ್ದುಪಡಿ ಬೇಕು. ದೇಶವೆಲ್ಲ ಪೀಡಿತವಾದರೂ ದೇಶದಲ್ಲಿರುವವರೆಲ್ಲ ಸಮವಾಗಿ ಪೀಡಿತರಾಗಲಿಲ್ಲ; ಹಸಿವೆಯಿಂದ ಬಳಲಿದವರನ್ನೇ ಕಾಲರಾ, ಸಿಡುಬು, ಜ್ವರಗಳೂ ಆರಿಸಿಕೊಂಡುದರಿಂದ ವ್ಯಾಧಿ ದುರ್ಭಿಕ್ಷಗಳನ್ನು ಬೇರೆಬೇರೆಯಾಗಿ ತೂಗುವುದೂ ಸಾಧ್ಯವಿಲ್ಲ. ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಮೈಸೂರಿನಲ್ಲಿ ಪ್ರಕಟಿಸಿದುದು ೧೯೦೯ರಲ್ಲಿ, ಕ್ಷಾಮವು ಕಳೆದು ಮೂವತ್ತು ವರ್ಷಗಳ ಮೇಲೆ.

ಅಂದು ಆಳುತ್ತಿದ್ದವರ ಶಾಸ್ತ್ರವು ಬೇರೆಯಾಗಿತ್ತು. ೧೮೩೧ರಿಂದ ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿದ್ದಿತು. ಧಾನ್ಯದ ವ್ಯಾಪಾರದಲ್ಲಿ ಸರಕಾರವು ಕೈಹಾಕಬಾರದೆಂಬುದು ವೈಸರಾಯ್ ಲಿಟ್ಟನ್ನನ ದೃಢಮತ. ಮದರಾಸು ಸರಕಾರವು ೩೦,೦೦೦ ಟನ್ನು ಧಾನ್ಯವನ್ನು ಗುಟ್ಟಾಗಿ ಕೊಂಡುದಕ್ಕೆ ಆಕ್ಷೇಪಣೆಗೆ ಗುರಿಯಾಯಿತು. ೧೮೭೭ರ ಜನವರಿಯಲ್ಲಿ, ದೆಹಲಿಯಲ್ಲಿ ಚಕ್ರವರ್ತಿನಿಯ ದರ್ಬಾರು ನಡೆದ ತಿಂಗಳಲ್ಲಿಯೇ, ಸರ್ ರಿಚರ್ಡ್ ಟೆಂಪಲ್ಲನು ಆ ಪ್ರಾಂತದ ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದನು. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿಯಾದ ಕಾರ್ನಿಷನು ಬಲವಾಗಿ ವಾದಿಸಿದನು. ಮೈಸೂರಿನಲ್ಲಿ ಪರಿಹಾರದ ಹೊಣೆಯನ್ನು ಎಲಿಯಟ್ಟನು ವಹಿಸಿಕೊಂಡುದು ೧೮೭೭ರಲ್ಲಿ. ಅವನ ವರದಿಯೇ ಈ ಕ್ಷಾಮದ ಮುಖ್ಯವಾದ ಆಧಾರಗ್ರಂಥ. ಬೆಂಗಳೂರು-ಮೈಸೂರು ರೈಲುದಾರಿಯು ಕ್ಷಾಮಕಾಲದ ಕಾಮಗಾರಿಯಾಗಿ ಮೊದಲಾಯಿತು. ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿದಾಗ, ಕ್ಷಾಮದಲ್ಲಿ ಬೆಳೆದ ೮೦ ಲಕ್ಷ ರೂಪಾಯಿಯ ಸಾಲವೂ ಅದರೊಡನೆ ಬಂದಿತು.

ಅಳಿದವರ ಸಂಖ್ಯೆಯನ್ನು ಜನಗಣತಿಗಳ ಅಂತರದಿಂದ ಊಹಿಸಬೇಕಾಗಿರುವುದಕ್ಕೂ ಕಾರಣವು ಮೇಲಿನ ವಿಚಾರದಲ್ಲಿಯೇ ಇದೆ. ಊರಿನ ಸಾವುಗಳನ್ನು ಅರಿತು ತಿಳಿಸಬೇಕಾದವರು ತಳವಾರ ತೋಟಿಗಳು. ಮೊದಲು ಹಸಿದವರಲ್ಲಿ ಅವರೂ ಸೇರಿದ್ದರು. ವಲಸೆ ಹೊರಟು ದಾರಿಯಲ್ಲಿ ಬಿದ್ದವರು ಯಾವ ಊರಿನ ಲೆಕ್ಕಕ್ಕೂ ಸೇರಲಿಲ್ಲ. ಉಳಿದಿರುವುದು ಕಂದಾಯದ ದಫ್ತರಗಳಲ್ಲಿ ಕಾಣುವ ‘ಬೇಚಿರಾಕ್’ ಎಂಬ ಶಬ್ದ. ದೀಪವಿಲ್ಲದುದೆಂದು ಅದರ ಪಾರಸಿ ಮೂಲದ ಅರ್ಥ. ಜನರಿಲ್ಲದ ಗ್ರಾಮಕ್ಕೆ ಅದು ಸಲ್ಲುವುದು. ಬೇಚಿರಾಕ್ ಗ್ರಾಮಗಳೆಲ್ಲವೂ ಈ ಕ್ಷಾಮದವಲ್ಲ. ಪ್ಲೇಗು, ಯುದ್ಧ, ಕೆರೆಯ ಕಟ್ಟೆ ಒಡೆದುದು ಮೊದಲಾದ ಬೇರೆ ಕಾರಣಗಳೂ ಉಂಟು. ತಾಲೂಕು ತಾಲೂಕಿನ ಹಳೆಯ ಲೆಕ್ಕಗಳಲ್ಲಿಯೂ ಶಾನುಭೋಗರ ಮನೆಗಳ ಕಡತಗಳಲ್ಲಿಯೂ ೧೮೭೬ರ ಹಿಂದುಮುಂದಿನ ನಮೂದುಗಳನ್ನು ಹೋಲಿಸಿ ನೋಡಿದರೆ ಇವನ್ನು ಬೇರ್ಪಡಿಸಬಹುದು. ಹಾಗೆ ನೋಡುವಾಗ ಪೂರ್ತಿಯಾಗಿ ಹಾಳಾದ ಗ್ರಾಮಗಳಿಗಿಂತಲೂ, ಊರು ಉಳಿದು ಅದರ ಕೇರಿ ಮಾತ್ರ ಅಳಿದ ಸ್ಥಳಗಳನ್ನು ಮೊದಲು ಗುರುತಿಸತಕ್ಕುದು.