ಮಾತು ಮಾರಿದವರು, ಮಾರದೆ ಉಳಿಸಿಕೊಂಡ ಮಾತು

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆ ನಮ್ಮಲ್ಲಿದೆ. ಮಾತನ್ನು ನಿಜವಾಗಿಯೂ ಬೆಳ್ಳಿಯಾಗಿಸಿ, ಅದರಿಂದಲೇ ಸಂಸಾರ ನಡೆಸಿದವರು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿದ್ದರು. ನಮ್ಮ ಕಡೆ ಹರಿಕಥೆ ದಾಸರಿಗೆ ಮಂಗಳಾರತಿ ತಟ್ಟೆಗೆ ಬಿದ್ದ ಕಾಸು. ಸಭೆಯ ಭಾಷಣಕಾರರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಬಸ್ ಖರ್ಚು ಕೊಡಬೇಕೆಂದು ಕಾರ್ಯದರ್ಶಿಗೆ ನೆನಪಾದರೆ ಅದೇ ಭಾಗ್ಯ. ದರ ಮೊದಲೇ ನಿಗದಿಯಾಗಿ, ನಡುವೆ ಒಬ್ಬ ದಲ್ಲಾಳಿಯೂ ಇದ್ದು, ಆಮೇಲೆ ವೇದಿಕೆ ಹತ್ತುವ ಕಸುಬು ಅಲ್ಲಿ ಬೆಳೆದ ಬಗೆ ಸ್ವಾರಸ್ಯಕರವಾಗಿದೆ.

ಅದರ ಆರಂಭದಲ್ಲಿ ಹಣದ ಮಾತೇ ಇರಲಿಲ್ಲ. 1826ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್‌ಬರಿ ಎಂಬ ಊರಿನಲ್ಲಿ ಜೋಸಯಾ ಹಾಲ್‌ಬ್ರುಕ್ ‘ಲೈಸಿಯಂ’ ಎಂಬ ಸಂಘ ಕಟ್ಟಿದ. ಊರಿನವರೇ ಸೇರಿ ತಮಗೆ ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಏರ್ಪಾಡು ಅದು. ಇಂಥ ಸಂಘಗಳು ಊರೂರಿಗೆ ಹಬ್ಬಿದವು. ಆದರೆ ಊರಿನವರ ತಿಳಿವಳಿಕೆ ಎಷ್ಟು ಚಳಿಗಾಲಕ್ಕೆ ಸಾಕಾದೀತು? ರೈಲು ಬಂದ ಮೇಲೆ ದೂರದ ಹೆಸರುವಾಸಿಗಳನ್ನು ಕರೆಸುವುದು ಸಾಧ್ಯವಾಯಿತು. ಕರೆಸಿದ ಮೇಲೆ ಕೊಡಲೇಬೇಕಾಯಿತು. 1832ರಲ್ಲಿ ಪಾದ್ರಿ ಹುದ್ದೆ ಬಿಟ್ಟ ಎಮರ್ಸನ್ ಉಪನ್ಯಾಸವನ್ನೇ ಜೀವನಾಧಾರ ಮಾಡಿಕೊಂಡು, ಒಟ್ಟು ಸುಮಾರು 1,500 ಉಪನ್ಯಾಸ ಮಾಡಿದ. ಆಗಿನ ಭಾಷಣಕಾರರ ನಡುವೆ ಒಂದು ತಮಾಷೆ ಚಾಲ್ತಿಯಲ್ಲಿತ್ತು: ಕೀರ್ತಿ, ಅಂದರೆ ‘ಫೇಮ್’ ಎಂಬ ಪದದ ನಾಲ್ಕು ಅಕ್ಷರಗಳ ಅರ್ಥ ‘ಫಿಫ್ಟಿ ಆ್ಯಂಡ್ ಮೈ ಎಕ್ಸ್‌ಪೆನ್ಸಸ್’. ಐವತ್ತು ಡಾಲರ್, ಮೇಲೆ ದಾರಿಖರ್ಚು!

ಇವರೆಲ್ಲರಲ್ಲಿ ಗಮನಿಸಬೇಕಾದವನು ಬಾಸ್ಟನ್ನಿನ ವೆಂಡೆಲ್ ಫಿಲಿಪ್ಸ್. ಗುಲಾಮಗಿರಿಯ ಕಡು ವಿರೋಧಿ. ‘ಕಳೆದುಹೋದ ಕಲೆಗಳು’ ಎಂಬ ಅವನ ಒಂದು ಉಪನ್ಯಾಸ ಅಪಾರ ಜನಪ್ರಿಯವಾಗಿತ್ತು. ಪುರಾತನರ ಗಾಜು, ಲೋಹ, ಬಣ್ಣಗಳ ಕುತೂಹಲದ ಸಂಗತಿಗಳು, ಯಾರ ಮನಸ್ಸಿಗೂ ನೋವಿಲ್ಲ. ಅದನ್ನು ಕೇಳಬೇಕೆಂದ ಊರಿನವರಿಂದ ಫಿಲಿಪ್ಸ್ ಪೂರ್ತಿ ದರ ಪಡೆಯುತ್ತಿದ್ದ. ಗುಲಾಮಗಿರಿಯ ವಿಚಾರ ಮಾತಾಡಲು ಕರೆದರೆ ಮಾತ್ರ ಬಿಟ್ಟಿ. ಕೇಳಲು ಹಿತವಾದದ್ದಕ್ಕೆ ಬೆಲೆ ಕಟ್ಟಿ, ತನಗೆ ಹೇಳಲೇಬೇಕೆನಿಸಿದ್ದನ್ನು ಕೈಯಿಂದ ಖರ್ಚು ಹಾಕಿಕೊಂಡು ಹೇಳುವ ಈ ಲೆಕ್ಕಾಚಾರ ನನಗಂತೂ ಬಹಳ ಮೆಚ್ಚುಗೆಯಾಗಿದೆ. ಸಭೆಯ ಕಾರ್ಯದರ್ಶಿ ಜಿಪುಣನಾಗಿದ್ದಷ್ಟೂ ಊರಿಗೆ ಗುಲಾಮಗಿರಿಯ ವಿರುದ್ಧ ಭಾಷಣ ಕೇಳುವ ಯೋಗ!

ಅಂತರ್ಯುದ್ಧ ಮುಗಿದ ಮೇಲೆ ದಲ್ಲಾಳಿ ಬಂದ. 1868ರಲ್ಲಿ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬಾಸ್ಟನ್ನಿನಲ್ಲಿ ಲೈಸಿಯಂ ಬ್ಯೂರೋ ತೆರೆದ. ಭಾಷಣಕಾರ ಒಂದೊಂದು ಊರಿಗೂ ತಾನೇ ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳುವ ಕಷ್ಟ ತಪ್ಪಿತು. ಊರು, ದಿನ, ದರ ಎಲ್ಲವನ್ನೂ ಬ್ಯೂರೋ ನೋಡಿಕೊಳ್ಳುತ್ತಿತ್ತು. ಅದಕ್ಕೆ ನೂರಕ್ಕೆ ಹತ್ತರಂತೆ ಕಮಿಷನ್. ಅದರ ಮೂಲಕ ಊರೂರು ಸುತ್ತಿದ ಮಾರ್ಕ್ ಟ್ವೇನ್ ಆ ದಿನಗಳ ಮಾರುಕಟ್ಟೆಯನ್ನು ಬಣ್ಣಿಸಿದ್ದಾನೆ. ಸಭಾಂಗಣ ತುಂಬಿಸುವವರು ಮೂರುನಾಲ್ಕು ಜನ. ಅವರಿಗೆ ಪಟ್ಟಣಗಳಲ್ಲಿ 200ರಿಂದ 250 ಡಾಲರ್, ನಗರಗಳಲ್ಲಿ 400. ಅವರಿಂದ ಬಂದ ಲಾಭವನ್ನು ಸಂಘಗಳು ಸಭಾಂಗಣ ಖಾಲಿ ಮಾಡಿಸುವ ಇತರರ ಮೇಲೆ ಕಳೆದುಕೊಳ್ಳುತ್ತಿದ್ದವಂತೆ.

ತುಂಬಿಸುವವರ ಪಟ್ಟಿಯಲ್ಲಿ ಒಬ್ಬಳು ಯುವತಿಯಿದ್ದಳು, ಆನಾ ಡಿಕಿನ್ಸನ್. 1864ರಲ್ಲಿ, ಇನ್ನೂ ಇಪ್ಪತ್ತೊಂದರ ವಯಸ್ಸಿನಲ್ಲಿ, ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯ ಭವನದಲ್ಲಿ ಲಿಂಕನ್ ಎದುರಿಗೇ ಭಾಷಣ ಮಾಡಿದವಳು. ಮತ ಹಾಕುವ ಹಕ್ಕಿಲ್ಲದ ಹೆಣ್ಣು ಗಂಡಸರ ಸಮಸಮಕ್ಕೆ ದರ ಪಡೆದಳು. ಒಳ್ಳೆಯ ವರ್ಷಗಳಲ್ಲಿ ಅವಳ ಸಂಪಾದನೆ 20,000 ಡಾಲರಿನವರೆಗೆ ಏರಿತ್ತೆನ್ನುತ್ತಾರೆ. ಆದರೆ 1870ರ ದಶಕದಲ್ಲಿ ಜನರ ರುಚಿ ಬದಲಾಯಿತು. ಗಂಭೀರ ವಿಚಾರ ಸಾಕು, ನಗಿಸಿ ಎಂದರು. ಕರೆಗಳು ನಿಂತವು. ಅವಳು ನಾಟಕರಂಗಕ್ಕೆ ಹೋದಳು, ಅಲ್ಲಿ ಸೋತಳು. 1932ರವರೆಗೂ ಬದುಕಿದ್ದರೂ ಬಹುತೇಕ ಎಲ್ಲರೂ ಅವಳನ್ನು ಮರೆತಿದ್ದರು.

ಟ್ವೇನನಿಗೆ ಆ ಭಯವಿರಲಿಲ್ಲ, ನಗಿಸುವುದೇ ಅವನ ಕಸುಬು. ಸಾಲದ ಹೊರೆ ಮಾತ್ರ ತಪ್ಪಲಿಲ್ಲ. ಅವನ ಪ್ರಕಾಶನ ಸಂಸ್ಥೆ 1894ರಲ್ಲಿ ಮುಳುಗಿದ ಮೇಲೆ, ಅರವತ್ತರ ಹೊಸ್ತಿಲಲ್ಲಿ ಮತ್ತೆ ವೇದಿಕೆ ಹತ್ತಿ, 1896ರ ಆರಂಭದಲ್ಲಿ ಬೊಂಬಾಯಿ, ಕಲ್ಕತ್ತಗಳಲ್ಲೂ ಮಾತಾಡಿ, 1898ರ ಹೊತ್ತಿಗೆ ಸಾಲ ತೀರಿಸಿದ.

ಇದೇ ಮಾರುಕಟ್ಟೆಗೆ ಅವನಿಗಿಂತ ಸ್ವಲ್ಪ ಮೊದಲೇ ನಮ್ಮವರೊಬ್ಬರು ಕಾಲಿಟ್ಟಿದ್ದರು. 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನದ ನಂತರ ಸ್ವಾಮಿ ವಿವೇಕಾನಂದರು ಅಲ್ಲಿನ ಸ್ಲೇಟನ್ ಲೈಸಿಯಂ ಬ್ಯೂರೋದೊಡನೆ ಒಪ್ಪಂದ ಮಾಡಿಕೊಂಡರು. ಭಾರತದಲ್ಲಿ ಮಾಡಬೇಕೆಂದಿದ್ದ ಕೆಲಸಕ್ಕೆ ಹಣ ಬೇಕಿತ್ತು. ಆದದ್ದೇ ಬೇರೆ. ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ್ದ ಶಿಷ್ಯ ಅಳಸಿಂಗ ಪೆರುಮಾಳರಿಗೆ 1894ರಲ್ಲಿ ಬರೆದ ಪತ್ರದಲ್ಲಿ ಸ್ವಾಮೀಜಿ ಲೆಕ್ಕ ಒಪ್ಪಿಸಿದ್ದಾರೆ: ಒಂದು ಗಂಟೆಯ ಭಾಷಣಕ್ಕೆ ಬಂದದ್ದು 2,500 ಡಾಲರ್, ತಮ್ಮ ಕೈಗೆ ಸಿಕ್ಕಿದ್ದು 200. ರೆಡ್‌ಪಾತ್‌ನ ನೂರಕ್ಕೆ ಹತ್ತೆಲ್ಲಿ, ಇದೆಲ್ಲಿ! ಒಪ್ಪಂದವನ್ನು ಅವರು ಮುರಿದುಕೊಂಡರು.

ಆಮೇಲೆ ಅವರು ಹಿಡಿದದ್ದು, ಗೊತ್ತಿದ್ದೋ ಗೊತ್ತಿಲ್ಲದೆಯೋ, ವೆಂಡೆಲ್ ಫಿಲಿಪ್ಸನ ದಾರಿ. 1895ರಲ್ಲಿ ನ್ಯೂಯಾರ್ಕಿನ ಬಾಡಿಗೆ ಕೋಣೆಯಲ್ಲಿ ನಡೆದ ವೇದಾಂತದ ಪಾಠಕ್ಕೆ ಶುಲ್ಕವಿರಲಿಲ್ಲ. ಜಾಗ ಸಾಲದೆ ಜನ ನೆಲದ ಮೇಲೂ ಕೂರುತ್ತಿದ್ದರು. ಇಷ್ಟಬಂದವರು ಕಾಣಿಕೆ ಹಾಕಬಹುದಿತ್ತು. ಅದು ಬಾಡಿಗೆಗೆ ಸಾಲದಿದ್ದಾಗ ಸ್ವಾಮೀಜಿ ಬೇರೆ ಸಭಾಂಗಣ ಹಿಡಿದು, ಭಾರತದ ಬಗ್ಗೆ ಲೌಕಿಕ ವಿಷಯಗಳ ಉಪನ್ಯಾಸ ಮಾಡಿ, ಬಂದ ಹಣವನ್ನು ಪಾಠದ ಖರ್ಚಿಗೆ ಸುರಿಯುತ್ತಿದ್ದರೆಂದು ಶಿಷ್ಯೆ ಎಲೆನ್ ವಾಲ್ಡೋ ಬರೆದಿದ್ದಾರೆ. ಆ ವರ್ಷದ ಕೊನೆಯಲ್ಲಿ ಭಾಷಣಗಳನ್ನು ಬರೆದುಕೊಳ್ಳಲು ಗುಡ್ವಿನ್ ಎಂಬ ಇಂಗ್ಲಿಷ್ ಶೀಘ್ರಲಿಪಿಕಾರನನ್ನು ಸಂಬಳಕ್ಕೆ ಗೊತ್ತುಮಾಡಿದರು. ಕೆಲವೇ ದಿನಗಳಲ್ಲಿ ಆತ ಸಂಬಳ ಬೇಡವೆಂದ. ಬರೆದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಸ್ವಾಮೀಜಿಯವರ ಹಿಂದೆಯೇ ಭಾರತಕ್ಕೂ ಬಂದ ಗುಡ್ವಿನ್ 1898ರಲ್ಲಿ ಊಟಿಯಲ್ಲಿ ತೀರಿಕೊಂಡ.